ಪುಟ ಹನ್ನೊಂದರ ಬಿಸಿನೀರು

೧

ಹೇಗೆ ಶುರು ಮಾಡಲಿ ಎಂದು ಕೇಳಿದರೆ ಹೇಗಾದರೂ ಮಾಡಿ ಎನ್ನುತ್ತೀರಿ. ನಿಮಗೇನು, ಓದುವವರು. ಒಂದು ವಾರದಿಂದ ಈ ಕುರ್ಚಿಯಲ್ಲಿ ಕುಳಿತು ಸೊಂಟ ಹಿಡಿದುಕೊಂಡಿರುವುದು ನನಗೆ.

ನನಗೆ ಗಟ್ಟಿಯಾಗಿ ಗೊತ್ತಿರುವ ಆರಂಭ ಒಂದೇ. "ನಮ್ಮ ಹೀಟ್ ಪಂಪ್ ವಾಟರ್ ಹೀಟರ್ ಆಯ್ದುಕೊಂಡಿದ್ದಕ್ಕೆ ಅಭಿನಂದನೆಗಳು. ಬಳಸುವ ಮುನ್ನ ಈ ಪುಸ್ತಕವನ್ನು ಪೂರ್ತಿಯಾಗಿ ಓದಿ." ಹತ್ತೊಂಬತ್ತು ವರ್ಷಗಳಿಂದ ಇದನ್ನೇ ಬರೆಯುತ್ತಿದ್ದೇನೆ. ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಫ್ರಿಜ್ಜು, ಗೀಸರು. ಯಂತ್ರ ಬದಲಾಗುತ್ತದೆ, ಅಭಿನಂದನೆ ಬದಲಾಗುವುದಿಲ್ಲ. ನಾನು ಕೈಪಿಡಿ ಬರೆಯುವವನು. (ಹೌದು, ಅದನ್ನೂ ಯಾರೋ ಬರೆಯುತ್ತಾರೆ. ತಾನಾಗಿಯೇ ಡಬ್ಬದೊಳಗೆ ಹುಟ್ಟಿಕೊಳ್ಳುತ್ತದೆ ಅಂದುಕೊಂಡಿದ್ದಿರಾ?) ಬಿಡುವಾದಾಗ ಕತೆಗಳನ್ನೂ ಬರೆದಿದ್ದೇನೆ. ಎರಡನ್ನೂ ಯಾರೂ ಓದುವುದಿಲ್ಲ. ಕೈಪಿಡಿಯನ್ನಾದರೂ ಗ್ಯಾರಂಟಿ ಕಾರ್ಡಿನ ಜೊತೆ ಜೋಪಾನವಾಗಿ ಎತ್ತಿಡುತ್ತಾರೆ.

ಹಾಗೆ ಶುರು ಮಾಡಿದರೆ ನೀವು ಎರಡನೇ ಸಾಲಿಗೇ ಮಗುಚಿಡುತ್ತೀರಿ. ಆದ್ದರಿಂದ ಇದನ್ನು ಹೊಡೆದು ಹಾಕಿದ್ದೇನೆ.

೧ (ಮತ್ತೊಮ್ಮೆ)

ಮಧ್ಯಾಹ್ನ ಎರಡು ಇಪ್ಪತ್ತೈದಕ್ಕೆ ಅಪ್ಪ ಸ್ವಿಚ್ ಹಾಕಿದರು.

ಇದು ಪರವಾಗಿಲ್ಲ. ಗಂಟೆ ಇದೆ, ಮನುಷ್ಯನಿದ್ದಾನೆ, ಕೆಲಸವೂ ಇದೆ. ಮುಂದಿನ ಸಾಲು: ಎರಡು ನಲವತ್ತಕ್ಕೆ ಮಗಳು ಬಾಗಿಲು ತೆರೆದು ಒಳಗೆ ಬಂದಳು, ಅಪ್ಪ ಸ್ವಿಚ್ ಆರಿಸಿದರು. ಇಷ್ಟೇ ಕತೆ. ಉಳಿದದ್ದೆಲ್ಲ ನನ್ನ ತಲೆನೋವು.

ಇಷ್ಟರಿಂದ ನಿಮಗೆ ಏನೂ ಅರ್ಥವಾಗಿರುವುದಿಲ್ಲ. ಅರ್ಥವಾಗದ ಹಾಗೆ ಬರೆದು ಅದನ್ನೇ ದೊಡ್ಡಸ್ತಿಕೆ ಮಾಡಿಕೊಳ್ಳುವ ವಯಸ್ಸು ನನಗೆ ದಾಟಿದೆ. ಬಿಡಿಸಿ ಹೇಳುತ್ತೇನೆ.

೨

ಮೊದಲು ಯಂತ್ರ. ಹಳೇ ಗೀಸರಿನ ಹೊಟ್ಟೆಯಲ್ಲಿ ಒಂದು ಸುರುಳಿ ಇರುತ್ತದೆ. ಕರೆಂಟು ಕೊಟ್ಟರೆ ಕಾಯುತ್ತದೆ, ನೀರನ್ನು ಕಾಯಿಸುತ್ತದೆ, ಹದಿನೈದು ನಿಮಿಷಕ್ಕೆ ಕೆಲಸ ಮುಗಿಯಿತು. ಹೀಟ್ ಪಂಪ್ ಹಾಗಲ್ಲ. ಅದು ಆಳೆತ್ತರದ ಒಂದು ಪೀಪಾಯಿ. ತಲೆಯ ಮೇಲೊಂದು ಫ್ಯಾನು. ಸುತ್ತಲಿನ ಗಾಳಿಯಲ್ಲಿರುವ ಬಿಸಿಯನ್ನು ಎಳೆದುಕೊಂಡು, ಹಿಂಡಿ, ಕೆಳಗಿನ ನೀರಿಗೆ ಸೇರಿಸುತ್ತದೆ. ತಣ್ಣಗಾದ ಗಾಳಿಯನ್ನು ಹೊರಗೆ ಬಿಡುತ್ತದೆ. ಕರೆಂಟು ಕಡಿಮೆ ತಿನ್ನುತ್ತದೆ, ಆದರೆ ಆತುರ ಅದರ ಜಾಯಮಾನದಲ್ಲೇ ಇಲ್ಲ. ಒಂದು ಪೀಪಾಯಿ ತುಂಬ ನೀರು ಕಾಯಲು ಐದಾರು ಗಂಟೆ ಬೇಕು. ಹಗಲಿರುಳೂ ಚಾಲೂ ಇಟ್ಟು ಅದರ ಪಾಡಿಗೆ ಅದನ್ನು ಬಿಟ್ಟುಬಿಡಬೇಕು. ಹದಿನೈದು ನಿಮಿಷ ಮಾತ್ರ ಹಾಕಿದರೆ ನೀರು ಎರಡು ಡಿಗ್ರಿ ಏರುತ್ತದೆ. ಎರಡು ಡಿಗ್ರಿ ಅಂದರೆ ಏನೂ ಅಲ್ಲ, ಅದು ತಣ್ಣೀರೇ.

ಮಗಳು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಗಿನ ಐದರಿಂದ ಎರಡರವರೆಗೆ ಹೆಪ್ಪುಗಟ್ಟಿದ ಬಟಾಣಿ, ಮೀನು, ಐಸ್‌ಕ್ರೀಮ್ ಪೆಟ್ಟಿಗೆಗಳನ್ನು ಎಣಿಸಿ, ಚೀಟಿ ಅಂಟಿಸಿ, ಕಳಿಸಬೇಕು. ದಪ್ಪ ಗ್ಲೌಸು ಹಾಕಿಕೊಂಡರೆ ಚೀಟಿ ಕೈಗೆ ಸಿಗುವುದಿಲ್ಲ. ಅದಕ್ಕೇ ಬಲಗೈಯ ಗ್ಲೌಸು ಬಿಚ್ಚಿಯೇ ಇರುತ್ತಾಳೆ.

(ಕೋಲ್ಡ್ ಸ್ಟೋರೇಜಿನ ಯಂತ್ರವೂ ಮನೆಯ ಹೀಟ್ ಪಂಪೂ ಒಂದೇ ಜಾತಿಯವು. ಅದು ಒಳಗಿನ ಬಿಸಿ ಕಿತ್ತು ಹೊರಗೆ ಹಾಕುತ್ತದೆ, ಇದು ಹೊರಗಿನ ಬಿಸಿ ಕಿತ್ತು ಒಳಗೆ ಹಾಕುತ್ತದೆ. ಇಲ್ಲೊಂದು ರೂಪಕ ಬಾಲ ಅಲ್ಲಾಡಿಸುತ್ತ ನಿಂತಿರುವುದು ನನಗೂ ಕಾಣುತ್ತಿದೆ. ಅದಕ್ಕೆ ಅನ್ನ ಹಾಕುವ ಚೈತನ್ಯ ಈಗ ನನಗಿಲ್ಲ. ಬೇಕಿದ್ದರೆ ನೀವೇ ಸಾಕಿಕೊಳ್ಳಿ.)

ಅವಳ ಬಲಗೈ ಬೆರಳುಗಳ ತುದಿ ಬಿಳಿಚಿಕೊಂಡಿದೆ. ತೋರುಬೆರಳಿನ ತುದಿಯಲ್ಲಿ ಹುಣ್ಣಾಗಿ ಐದು ತಿಂಗಳಾಯಿತು, ಮಾಯುತ್ತಿಲ್ಲ. ಡಾಕ್ಟರು ಹೇಳಿದ್ದು: ಕೆಲಸದಿಂದ ಬಂದ ಕೂಡಲೇ ದಿನಾ ಅರ್ಧ ಗಂಟೆ ಬೆಚ್ಚಗಿನ ನೀರು ಬೇಕು, ಕೈಗೂ ಮೈಗೂ. ರಕ್ತ ಓಡಾಡಬೇಕು. ಆರು ತಿಂಗಳು ಬಿಟ್ಟು ಮತ್ತೆ ಬರುವಷ್ಟರಲ್ಲಿ ಮಾಯದಿದ್ದರೆ ತುದಿಯನ್ನು ತೆಗೆಯಬೇಕಾದೀತು.

ಅದನ್ನು ಕೇಳಿಯೇ ಅಪ್ಪ, ಹಳೇ ಗೀಸರಿನ ಎರಡು ಬಕೆಟ್ಟು ಸಾಲದೆಂದು, ಆ ದೊಡ್ಡ ಪೀಪಾಯಿಯನ್ನು ಮನೆಗೆ ತಂದದ್ದು. ಬಂದ ಸಂಜೆಯೇ ಕನ್ನಡಕ ಒರೆಸಿಕೊಂಡು ಕೈಪಿಡಿ ಹಿಡಿದು ಕುಳಿತರು. ನಲವತ್ತೆರಡು ಪುಟ. ಒಂದೂ ಬಿಡಲಿಲ್ಲ.

೩

ಈಗ ಸ್ವಿಚ್ಚು ಯಾಕೆ ಆರಿಸುತ್ತಾರೆ ಎನ್ನುವುದು. ಅದಕ್ಕೆ ನಾನು ಮೊದಲು ಬರೆದ ಕಾರಣ ಹೀಗಿತ್ತು: ಅಪ್ಪ ಜಿಪುಣ.

ಎರಡು ಪುಟ ಸಲೀಸಾಗಿ ಬಂತು. ಜಿಪುಣರ ಮೇಲೆ ಬರೆಯುವುದು ಸುಲಭ. ಒಂದೇ ಬಲ್ಬಿನ ಕೆಳಗೆ ಇಬ್ಬರನ್ನು ಕೂರಿಸಿದರೆ ಓದುಗರು ನಗುತ್ತಾರೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಅಪ್ಪ ನನ್ನ ಎದುರಿಗೆ ಬಂದು ನಿಂತರು.

"ನಾನು ಜಿಪುಣ ಅಂತ ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳಿಲ್ಲ. ಕತೆಗೆ ಬೇಕಿತ್ತು."

"ಜಿಪುಣನಾಗಿದ್ರೆ ಇಷ್ಟು ದೊಡ್ಡ ಯಂತ್ರ ಯಾಕೆ ತರ್ತಿದ್ದೆ? ಸ್ವಲ್ಪ ತಲೆ ಓಡಿಸಿ."

ಹರಿದು ಹಾಕಿದೆ.

ಎರಡನೇ ಸಲ ಅವರಿಗೆ ಮರೆವು ಕೊಟ್ಟೆ. ಸ್ವಿಚ್ ಹಾಕಿದ್ದು ಮರೆತು ಆರಿಸುತ್ತಾರೆ, ಆರಿಸಿದ್ದು ಮರೆತು ಹಾಕುತ್ತಾರೆ. ಕರುಣಾರಸ ತಾನಾಗಿಯೇ ಉಕ್ಕುತ್ತದೆ. ಅವರು ಮತ್ತೆ ಬಂದರು. ಈ ಸಲ ಕೋಪವೂ ಇರಲಿಲ್ಲ, ಬೇಸರವಷ್ಟೇ.

"ದಿನಾ ಎರಡು ಇಪ್ಪತ್ತೈದಕ್ಕೆ ಹಾಕಿ ಎರಡು ನಲವತ್ತಕ್ಕೆ ಆರಿಸ್ತೀನಿ. ನಾಲ್ಕು ತಿಂಗಳು. ಒಂದು ನಿಮಿಷ ಹೆಚ್ಚುಕಮ್ಮಿ ಆಗಿಲ್ಲ. ಇದನ್ನ ಮರೆವು ಅಂತೀರಾ?"

ಅನ್ನುವುದಿಲ್ಲ. ಅದನ್ನೂ ಹರಿದೆ.

"ನಿಜ ಏನು ಅಂತ ನಿಮಗೆ ಗೊತ್ತಿದೆ," ಎಂದರು ಅಪ್ಪ. "ಅದನ್ನ ಬರೆಯೋಕೆ ನಿಮಗೆ ಇಷ್ಟ ಇಲ್ಲ ಅಷ್ಟೇ."

ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ ಆಗುವುದು.

೪

ಸರಿ, ನಿಜ.

ಹತ್ತು ದಿನದ ಹಿಂದೆ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದರು. ನನ್ನ ಹತ್ತಿರ ಕೈಪಿಡಿ ಬರೆಸುವವರು ಅವರೇ. ಫೋನಿನಲ್ಲಿ ಅವರ ದನಿ ಯಾವಾಗಲೂ ಬೆಣ್ಣೆ ಸವರಿದ ಹಾಗಿರುತ್ತದೆ, ಅದರಲ್ಲೂ ಬೈಯುವಾಗ.

"ಸರ್, ಒಂದು ಸಣ್ಣ ವಿಷಯ. ಹೀಟ್ ಪಂಪ್ ಪುಸ್ತಕದಲ್ಲಿ ಪುಟ ಹನ್ನೊಂದು ತೆಗೀತೀರಾ?"

ತೆಗೆದೆ. ನನ್ನದೇ ಅಕ್ಷರ, ನನ್ನದೇ ಕನ್ನಡ. "ಬಳಸುವ ಹದಿನೈದು ನಿಮಿಷ ಮುಂಚೆ ಮಾತ್ರ ಸ್ವಿಚ್ ಹಾಕಿ. ಸ್ನಾನಕ್ಕೆ ಇಳಿಯುವ ಮುನ್ನ ತಪ್ಪದೆ ಆರಿಸಿ. ಉಳಿದ ವೇಳೆಯಲ್ಲಿ ಯಾವುದೇ ಕಾರಣಕ್ಕೂ ಚಾಲೂ ಇಡಬೇಡಿ." ಸುತ್ತ ಒಂದು ಚೌಕ, ಚೌಕದ ಮೂಲೆಯಲ್ಲಿ ಎಚ್ಚರಿಕೆಯ ತ್ರಿಕೋನ.

ಇದು ಗೀಸರಿನ ಪುಟ. ಆರು ವರ್ಷದ ಹಿಂದೆ ಗೀಸರಿಗೆಂದು ಬರೆದದ್ದನ್ನು ಇಡಿಯಾಗಿ ಎತ್ತಿ ಇಲ್ಲಿ ಅಂಟಿಸಿದ್ದೆ. ಸುರಕ್ಷತೆಯ ಪುಟಗಳು ಎಲ್ಲ ಯಂತ್ರಕ್ಕೂ ಹೆಚ್ಚುಕಮ್ಮಿ ಒಂದೇ. ಹೆಸರು ಬದಲಾಯಿಸಿ ಹಾಕುವುದು ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುತ್ತಾರೆ. ಆ ಶುಕ್ರವಾರ ಸಂಜೆ ಐದಕ್ಕೆ ಫೈಲು ಪ್ರೆಸ್ಸಿಗೆ ಹೋಗಬೇಕಿತ್ತು. ಅದಕ್ಕೂ ಮೊದಲು ಎರಡು ಮಿಕ್ಸರ್, ಒಂದು ಹೇರ್ ಡ್ರೈಯರ್ ಮುಗಿಸಿ ಕಣ್ಣು ಕತ್ತಲೆ ಬರುತ್ತಿತ್ತು. ಇದೆಲ್ಲ ನೆಪ. ಪುಟವನ್ನು ಓದದೆ ಅಂಟಿಸಿದೆ, ಅಷ್ಟೇ ನಿಜ.

"ಎಷ್ಟು ಪ್ರತಿ ಹೋಗಿದೆ?" ಎಂದೆ.

"ಮೂರು ಸಾವಿರ. ತಲೆ ಕೆಡಿಸ್ಕೋಬೇಡಿ. ದೂರು ಬಂದಿರೋದು ಒಂದೇ. ಯಾಕೆ ಹೇಳಿ? ಉಳಿದವರು ಯಾರೂ ಪುಸ್ತಕ ಬಿಚ್ಚಿಯೇ ಇಲ್ಲ."

"ತಿದ್ದುಪಡಿ ಚೀಟಿ ಕಳಿಸೋಣ."

"ಮೂರು ಸಾವಿರ ಮನೆಗೆ ನಾವೇ ಹೋಗಿ ನಮ್ಮ ತಪ್ಪು ಡಂಗುರ ಸಾರೋದಾ? ಬೇಡ ಸರ್. ನೀವು ಕತೆನೂ ಬರೀತೀರಂತಲ್ಲ. ಒಂದು ಚಿಕ್ಕ ಕತೆ ಬರ್ಕೊಡಿ, ವೆಬ್‌ಸೈಟಲ್ಲಿ ಹಾಕ್ತೀವಿ. ಯಂತ್ರ ಯಾವಾಗ್ಲೂ ಆನ್ ಇರ್ಬೇಕು ಅನ್ನೋದು ಕತೆ ಒಳಗೇ ಬರ್ಲಿ. ಉಪದೇಶ ಅನ್ನಿಸ್ಬಾರ್ದು. ಕೊನೇಲಿ ಎಲ್ಲರೂ ನಗ್ತಾ ಇರ್ಲಿ."

ಹೀಗೆ, ಓದುಗರೇ, ತಪ್ಪಾಯಿತು ಎಂದು ಒಂದು ಸಾಲು ಬರೆಯುವ ಬದಲು ನಾನು ಕತೆ ಬರೆಯಲು ಕುಳಿತೆ. ಒಪ್ಪಿಕೊಂಡದ್ದು ಯಾಕೆಂದು ಕೇಳಬೇಡಿ. ಬೇಡ ಎನ್ನಲೂ ಸ್ವಲ್ಪ ಕಸುವು ಬೇಕಾಗುತ್ತದೆ.

೫

ಆ ಮನೆಯ ಬಗ್ಗೆ ನನಗೆ ಹೇಳಿದವಳು ಸರ್ವಿಸ್‌ನ ಹೆಂಗಸು. ಕಂಪನಿಯ ನೀಲಿ ಅಂಗಿ ಹಾಕಿಕೊಂಡು ಮನೆಮನೆಗೆ ಹೋಗಿ ಯಂತ್ರ ಬಿಚ್ಚಿ ನೋಡುವುದು ಅವಳ ಕೆಲಸ. ಫೋನ್ ಮಾಡಿದಾಗ ಯಾವುದೋ ಮನೆಯ ಅಟ್ಟದ ಮೇಲಿದ್ದಳು. ಮಾತಿನ ನಡುವೆ ಸ್ಪ್ಯಾನರ್ ಬೀಳುವ ಸದ್ದು.

"ಮಗಳು ಕಂಪ್ಲೇಂಟ್ ಕೊಟ್ಟಿದ್ಲು, ನೀರು ಕಾಯಲ್ಲ ಅಂತ. ಮೂರು ಸಲ ಹೋಗಿ ಬಂದೆ. ಅಪ್ಪನಿಗೆ ಫ್ರೀ ಸರ್ವಿಸ್ ಅಂತ ಹೇಳಿದಾಳೆ. ಯಂತ್ರಕ್ಕೆ ಏನೂ ಆಗಿಲ್ಲ. ಮೂರನೇ ಸಲ ಅದರೊಳಗಿನ ದಾಖಲೆ ತೆಗೆದು ನೋಡ್ತೀನಿ, ದಿನಕ್ಕೆ ಹದಿನೈದೇ ನಿಮಿಷ ಕರೆಂಟು. ಹದಿನಾರಿಲ್ಲ, ಹದಿನಾಲ್ಕಿಲ್ಲ."

"ಯಾವಾಗಲೂ ಆನ್ ಇಡಿ ಅಂತ ಹೇಳಲಿಲ್ವಾ?"

"ಹೇಳ್ದೆ. ಯಜಮಾನರು ಒಳಗೆ ಹೋಗಿ ನಿಮ್ಮ ಪುಸ್ತಕ ತಂದ್ರು. ರಟ್ಟು ಹಾಕಿ ಇಟ್ಕೊಂಡಿದಾರೆ. ಪುಟ ಹನ್ನೊಂದು ತೆಗ್ದು ಮುಂದೆ ಹಿಡಿದ್ರು. 'ಇದರಲ್ಲಿ ಹೀಗಿದೆ, ನೀವು ಹಾಗಂತೀರಿ' ಅಂದ್ರು. ನಾನೇನು ಹೇಳ್ಲಿ? ಪುಸ್ತಕನೂ ಕಂಪನೀದು, ನಾನೂ ಕಂಪನಿಯವಳು."

"ನೀರು ತಣ್ಣಗಿದೆ ಅಂತಾದರೂ ಹೇಳಬಹುದಿತ್ತು."

"ಹೇಳೋಕೆ ಬಾಯಿ ತೆಗ್ದೆ. ಬಾಗಿಲ ಹತ್ರ ನಿಂತಿದ್ದ ಮಗಳು ಬೇಡ ಅಂತ ಕಣ್ಸನ್ನೆ ಮಾಡಿದ್ಲು. ಸುಮ್ನಾದೆ. ಸರ್, ನಿಮ್ಗೊಂದು ಮಾತು ಹೇಳ್ಲಾ? ಹದಿನಾಲ್ಕು ವರ್ಷದಿಂದ ಮನೆಮನೆ ಸುತ್ತುತಿದೀನಿ. ಆ ಪುಸ್ತಕನ ಓದಿರೋ ಮನುಷ್ಯನ್ನ ಇದೇ ಮೊದಲು ನೋಡಿದ್ದು."

ಫೋನ್ ಇಟ್ಟೆ. ಹತ್ತೊಂಬತ್ತು ವರ್ಷದಲ್ಲಿ ನನಗೆ ಸಿಕ್ಕ ಒಬ್ಬನೇ ಓದುಗ. ನನ್ನ ಒಂದೊಂದು ಸಾಲನ್ನೂ ನಂಬಿದ್ದಾನೆ. ನಂಬಿ, ನನ್ನ ಮಾತಿನ ಪ್ರಕಾರವೇ, ದಿನಾ ಮಧ್ಯಾಹ್ನ ಗಡಿಯಾರ ನೋಡಿಕೊಂಡು ಮಗಳಿಗೆ ತಣ್ಣೀರು ಕೊಡುತ್ತಿದ್ದಾನೆ. ಸಂತೋಷವೂ ಆಯಿತು, ಅದಕ್ಕೆ ನಾಚಿಕೆಯೂ ಆಯಿತು. ಎರಡನ್ನೂ ಬಚ್ಚಿಡುವುದಿಲ್ಲ.

೬

ಇಲ್ಲಿ ಮಗಳ ಹತ್ತಿರ ಮಾತಾಡಲೇಬೇಕಾಯಿತು. ಅವಳು ಕೋಲ್ಡ್ ಸ್ಟೋರೇಜಿನ ಕ್ಯಾಂಟೀನಿನಲ್ಲಿ ಲೋಟವನ್ನು ಎರಡೂ ಅಂಗೈ ನಡುವೆ ಒತ್ತಿಕೊಂಡು ಕುಳಿತಿದ್ದಳು. (ಕ್ಯಾಂಟೀನನ್ನು ನಾನೇ ಕಲ್ಪಿಸಿ ಕಟ್ಟಿದೆ. ಬೆಂಚು, ಸ್ಟೀಲ್ ಸಿಂಕು, ಗೋಡೆಗೆ ನೇತುಹಾಕಿದ ದಪ್ಪ ಜಾಕೆಟ್ಟುಗಳು.)

"ಅಪ್ಪನಿಗೆ ಒಂದು ಮಾತು ಹೇಳಿದ್ರೆ ಮುಗೀತು," ಎಂದೆ. "'ಅಪ್ಪಾ, ನೀರು ತಣ್ಣಗಿದೆ.' ಇಷ್ಟೇ. ನನ್ನ ಕತೆಯೂ ಒಂದೂವರೆ ಪುಟಕ್ಕೆ ಮುಗಿಯುತ್ತೆ."

"ಹೇಳಲ್ಲ."

"ಯಾಕೆ?"

"ಯಂತ್ರ ತಂದ ದಿನದಿಂದ ಅಪ್ಪನಿಗೆ ಹುರುಪು ಬಂದಿದೆ. ರಿಟೈರ್ ಆದ್ಮೇಲೆ ಸುಮ್ನೆ ಗೋಡೆ ನೋಡ್ಕೊಂಡು ಕೂತಿರ್ತಿದ್ರು. ಈಗ ಒಂದು ಗಂಟೆಗೇ ಊಟ ಮುಗಿಸಿ, ಕೈಗಡಿಯಾರ ಕಟ್ಕೊಂಡು ರೆಡಿ. ನನ್ನ ಬೆರಳು ವಾಸಿ ಮಾಡ್ತಿರೋದು ತಾನೇ ಅಂದ್ಕೊಂಡಿದಾರೆ. ನಾಲ್ಕು ತಿಂಗಳು ನನಗೆ ತಣ್ಣೀರು ಕೊಟ್ಟೆ ಅಂತ ಗೊತ್ತಾದ್ರೆ ಆ ಮನುಷ್ಯ ಉಳೀತಾರಾ?"

"ಬೆರಳು?"

"ಬೆರಳು ನಂದು."

ಒಲೆಯ ಮೇಲೆ ಒಂದು ಪಾತ್ರೆ ನೀರು ಕಾಯಿಸಿಕೊಳ್ಳಬಹುದಲ್ಲ ಎಂದು ನಿಮ್ಮಲ್ಲಿ ಒಬ್ಬರು ಆಗಿನಿಂದ ಚಡಪಡಿಸುತ್ತಿದ್ದೀರಿ. ಅದನ್ನೂ ಕೇಳಿದೆ.

"ಅಡುಗೆಮನೆಯಿಂದ ಬಚ್ಚಲಿಗೆ ಹೋಗೋ ದಾರೀಲೇ ಅಪ್ಪ ಕೂತಿರೋದು. ಹೀಟರ್ ಇರುವಾಗ ಪಾತ್ರೆ ಯಾಕೆ ಅಂತ ಕೇಳ್ತಾರೆ. ಏನು ಹೇಳ್ಲಿ?" ಲೋಟ ಕೆಳಗಿಟ್ಟಳು. ತೋರುಬೆರಳಿಗೆ ಪಟ್ಟಿ ಸುತ್ತಿತ್ತು, ಪಟ್ಟಿಯ ತುದಿ ಕೊಳೆಯಾಗಿತ್ತು. "ಅಲ್ಲ, ನನ್ನನ್ನ ಯಾಕೆ ಕೇಳ್ತೀರಿ? ಆ ಪುಟ ನಾನು ಬರೆದಿದ್ದಾ?"

ಅವಳ ಪಾಳಿಗೆ ಹೊತ್ತಾಯಿತು. ಜಾಕೆಟ್ ಹಾಕಿಕೊಂಡು ಎದ್ದು ಹೋದಳು. ನಾನು ಅವಳಿಗೆಂದು ಬರೆದಿಟ್ಟಿದ್ದ ನಾಲ್ಕು ಒಳ್ಳೆಯ ಸಂಭಾಷಣೆಗಳು ಹಾಗೇ ಉಳಿದವು.

೭ (ಕಂಪನಿಯ ಅಂತ್ಯ)

ಪಕ್ಕದ ಮನೆಯ ಅತ್ತೆ ಸಕ್ಕರೆ ಕೇಳಲು ಬರುತ್ತಾರೆ. ಮಾತಿಗೆ ಮಾತು ಬಂದು, "ನಮ್ಮನೇಲಿ ಹೀಟ್ ಪಂಪ್ ಆರಿಸೋದೇ ಇಲ್ಲಪ್ಪ" ಎನ್ನುತ್ತಾರೆ. ಅಪ್ಪನ ಕಣ್ಣು ತೆರೆಯುತ್ತದೆ. ಮಗಳ ಬೆರಳು ಒಂದೇ ವಾರದಲ್ಲಿ ಮಾಯುತ್ತದೆ. ಎಲ್ಲರೂ ನಗುತ್ತಾರೆ, ಸಕ್ಕರೆಯ ಅತ್ತೆಯೂ ಸೇರಿ. ಪುಟ ಹನ್ನೊಂದರ ಮಾತೇ ಇಲ್ಲ.

ಇದನ್ನು ಬರೆದು ಕಳಿಸಿಯೂ ಆಗಿದೆ. ಮ್ಯಾನೇಜರ್‌ಗೆ ಬಹಳ ಇಷ್ಟವಾಯಿತು. ಅತ್ತೆಯ ಪಾತ್ರ ತುಂಬಾ ನೈಜವಾಗಿದೆ ಎಂದರು.

೭ (ಇನ್ನೊಂದು ಅಂತ್ಯ)

ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು,

ಇಲ್ಲ, ಇದನ್ನು ಮುಂದುವರಿಸುವುದಿಲ್ಲ. ವಾಕ್ಯವನ್ನು ಅಲ್ಪವಿರಾಮದಲ್ಲಿ ಬಿಟ್ಟು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಸರ್ವಿಸ್‌ನ ಹೆಂಗಸು ಕೊಟ್ಟ ವಿಳಾಸ ಜೇಬಿನಲ್ಲಿತ್ತು.

೮

ಮನೆ ಎರಡನೇ ಮಹಡಿಯಲ್ಲಿತ್ತು. ನಾನು ತಲುಪಿದಾಗ ಎರಡು ಗಂಟೆ. ಇಲ್ಲಿಂದ ಮುಂದೆ ನಡೆದದ್ದೆಷ್ಟು, ಬರೆದದ್ದೆಷ್ಟು ಎಂದು ಲೆಕ್ಕ ಕೇಳಬೇಡಿ. ಮೆಟ್ಟಿಲು ಹತ್ತಿ ನನಗೆ ಏದುಸಿರು ಬಂದದ್ದಂತೂ ನಿಜ.

ಅಪ್ಪ ನಾನು ಬರೆದದ್ದಕ್ಕಿಂತ ಕುಳ್ಳಗಿದ್ದರು. ಕೈಪಿಡಿ ಬರೆಯುವವನು ಎಂದು ಹೇಳಿಕೊಂಡೆ. ಅವರ ಮುಖ ಅರಳಿತು. ಕುರ್ಚಿಯ ಮೇಲಿದ್ದ ಬಟ್ಟೆ ಎತ್ತಿ ಕೂರಿಸಿದರು, ನೀರು ತಂದುಕೊಟ್ಟರು, ಪುಸ್ತಕ ತಂದರು. ಪ್ರತಿ ಸಾಲಿನ ಪಕ್ಕದಲ್ಲೂ ಪೆನ್ಸಿಲಿನ ಸಣ್ಣ ಟಿಕ್ಕು. ಓದಿದ್ದಕ್ಕೊಂದು, ಪಾಲಿಸಿದ್ದಕ್ಕೊಂದು.

"ಚೆನ್ನಾಗಿ ಬರ್ದಿದೀರಿ," ಎಂದರು. "ಎಲ್ಲೂ ಗೊಂದಲ ಇಲ್ಲ. ನಾನು ಮೂವತ್ತೊಂದು ವರ್ಷ ಸಬ್‌ಸ್ಟೇಷನ್‌ನಲ್ಲಿ ಸ್ವಿಚ್‌ಬೋರ್ಡ್ ನೋಡ್ಕೊಂಡಿದ್ದವನು. ಇಂಥ ಪುಸ್ತಕ ಹೇಗಿರ್ಬೇಕು ಅಂತ ನನಗೆ ಗೊತ್ತು."

ನನ್ನ ಕತೆಗಳ ಬಗ್ಗೆ ಯಾರೂ ಇಷ್ಟು ಹೇಳಿಲ್ಲ. ಆ ಮಾತನ್ನು ಒಂದು ನಿಮಿಷ ಇಟ್ಟುಕೊಳ್ಳಬೇಕೆನಿಸಿತು. ಇಟ್ಟುಕೊಂಡೆ. ಆಮೇಲೆ ಹೇಳಿದೆ.

"ಪುಟ ಹನ್ನೊಂದು ತಪ್ಪು. ಅದು ಗೀಸರಿನ ಪುಟ. ನಾನು ನೋಡದೆ ಅಂಟಿಸಿದ್ದು. ಇದನ್ನ ಯಾವಾಗಲೂ ಚಾಲೂ ಇಡಬೇಕು. ಹದಿನೈದು ನಿಮಿಷದಲ್ಲಿ ಈ ನೀರು ಬಿಸಿಯಾಗಲ್ಲ."

"ಆಗುತ್ತಲ್ಲ. ದಿನಾ ಬಚ್ಚಲ ಬಾಗಿಲಲ್ಲಿ ನಿಂತು ಮಗಳನ್ನ ಕೇಳ್ತೀನಿ. ಬಿಸಿ ಇದೆ ಅಂತಾಳೆ."

ಅವರು ನನ್ನ ಮುಖ ನೋಡಿದರು, ಪುಟ ಹನ್ನೊಂದನ್ನು ನೋಡಿದರು, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"ಹಾಗಾದ್ರೆ ಈ ಪುಟ ಬರೆದವರೂ ನೀವೇ. ಇದು ಸುಳ್ಳು ಅಂತ ಹೇಳೋರೂ ನೀವೇ," ಎಂದರು. "ಎರಡರಲ್ಲಿ ಯಾವುದನ್ನ ನಂಬಲಿ?"

ನಾನು ಪುಸ್ತಕವನ್ನು ನನ್ನ ಕಡೆ ತಿರುಗಿಸಿಕೊಂಡೆ.

ಅವರೇ ಮುಂದುವರಿಸಿದರು. "ನಮ್ಮಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ಕಂಬ ಹತ್ತೋ ಮುಂಚೆ ಲೈನಿನ ಸ್ವಿಚ್ ಇಳಿಸಿ, ಬೀಗ ಹಾಕಿ, ತನ್ನ ಚೀಟಿ ನೇತುಹಾಕ್ತಾನೆ. ಕೀಲಿ ಅವನ ಜೇಬಲ್ಲೇ. ಕೆಲಸ ಮುಗಿಸಿ ಇಳಿದ ಮೇಲೆ ಅವನೇ ಬಂದು ಚೀಟಿ ತೆಗೀಬೇಕು. ಬೇರೆ ಯಾರೂ ಮುಟ್ಟೋ ಹಾಗಿಲ್ಲ, ಚೀಫ್ ಎಂಜಿನಿಯರ್ ಬಂದ್ರೂ ಅಷ್ಟೇ. ಆ ಸರ್ವಿಸ್ ಹುಡುಗಿ ಬಾಯಿಮಾತಲ್ಲಿ ಹೇಳಿದ್ಲು, ನಾನು ಕೇಳಲಿಲ್ಲ. ಚೀಟಿ ಅವಳದ್ದಲ್ಲ. ನಿಮ್ಮದು. ನೀವು ತೆಗೀರಿ."

ಪೆನ್ನು ಕೊಟ್ಟರು. ಪುಟ ಹನ್ನೊಂದರ ಚೌಕದ ಮೇಲೆ ಅಡ್ಡಗೆರೆ ಎಳೆದೆ. ಪಕ್ಕದಲ್ಲಿ "ಸದಾ ಚಾಲೂ ಇರಲಿ" ಎಂದು ಬರೆದೆ. ತಾರೀಖು ಹಾಕಿ ಅನ್ನುವ ಹಾಗೆ ಬೆರಳು ತೋರಿಸಿದರು, ಹಾಕಿದೆ. ಸಹಿ ಮಾಡಿದೆ. ಲೇಖಕನಾಗಿ ನಾನು ಮಾಡಿದ ಮೊದಲ ಸಹಿ ಅದು.

ಅವರು ಎದ್ದು ಹೋಗಿ ಸ್ವಿಚ್ ಹಾಕಿ ಬಂದರು. ಗಂಟೆ ಎರಡೂವರೆ. ಬಚ್ಚಲ ಪಕ್ಕದ ಗೂಡಿನಲ್ಲಿ ಫ್ಯಾನು ಮೆಲ್ಲಗೆ ತಿರುಗತೊಡಗಿತು.

"ಬಿಸಿಯಾಗೋಕೆ ಎಷ್ಟು ಹೊತ್ತು?"

"ಐದಾರು ಗಂಟೆ."

"ಅಂದ್ರೆ ಇವತ್ತಿಗೆ ಇಲ್ಲ."

"ಇವತ್ತಿಗೆ ಇಲ್ಲ."

ತಲೆ ಆಡಿಸಿದರು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. "ಇದು ನನ್ನ ಪುಸ್ತಕ. ಉಳಿದವು ಎಷ್ಟಿವೆ?" ಎಂದರು.

"ಮೂರು ಸಾವಿರ. ಆದರೆ ಅವರು ಯಾರೂ ಓದಿಲ್ಲ."

"ನಾನು ಓದಿದೆನಲ್ಲ," ಎಂದರು.

೯

ಎರಡು ನಲವತ್ತಕ್ಕೆ ಮಗಳು ಬಂದಳು. ನನ್ನನ್ನು ನೋಡಿ ಯಾರೋ ಕಂಪನಿಯವರು ಎಂದುಕೊಂಡಿರಬೇಕು, ಆಯಾಸದಲ್ಲೇ ಒಂದಿಷ್ಟು ನಕ್ಕಳು. ಅಪ್ಪ ಹೇಳಲು ಮಾತು ಹುಡುಕುತ್ತಿದ್ದರು ಎಂದು ನನಗೆ ಕಂಡಿತು, ಅಷ್ಟರಲ್ಲಿ ಅವಳು ಟವೆಲ್ ತೆಗೆದುಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿ ಬಿಟ್ಟ ಸದ್ದು ಬಂತು.

ನಾಲ್ಕು ತಿಂಗಳ ಅಭ್ಯಾಸ. ಅಪ್ಪ ತಮಗೇ ಗೊತ್ತಿಲ್ಲದ ಹಾಗೆ ಎದ್ದು ಬಚ್ಚಲ ಬಾಗಿಲಿಗೆ ಹೋಗಿ ನಿಂತರು.

"ನೀರು ಬಿಸಿ ಇದೆಯಾ?"

ಕೇಳಿದ ಮೇಲೆ ಅವರಿಗೆ ಹೊಳೆಯಿತು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

ಒಳಗಿನಿಂದ ಮಗಳ ದನಿ ಬಂತು. ಎಂದಿನ ದನಿ, ಒಂದು ಚೂರೂ ಅಳುಕಿಲ್ಲ.

"ಇದೆ ಅಪ್ಪಾ. ಚೆನ್ನಾಗಿ ಬಿಸಿ ಇದೆ."

ಅವರು ತಿರುಗಿ ನನ್ನ ಕಡೆ ನೋಡಿದರು. ನಾನು ನನ್ನ ಚಪ್ಪಲಿ ಹುಡುಕಿದೆ.

೧೦

ಅಪ್ಪ ಮಗಳಿಗೆ ಏನು ಹೇಳಿದರು, ಹೇಳಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ಕಲ್ಪಿಸಿ ಬರೆಯಬಹುದು. ಕ್ಯಾಂಟೀನನ್ನೇ ಕಟ್ಟಿದವನಿಗೆ ಅದೇನು ಕಷ್ಟ. ಬೆರಳಿಗೆ ಏನಾಯಿತು ಎಂದೂ ಕೇಳುತ್ತಿದ್ದೀರಿ. ಡಾಕ್ಟರ ಹತ್ತಿರ ಹೋಗುವ ದಿನ ಇನ್ನೂ ಬಂದಿಲ್ಲ. ಬರುವವರೆಗೆ ನಾನು ಕಾಯುತ್ತೇನೆ, ನೀವೂ ಕಾಯಿರಿ. ಮಾಯಿತು ಎಂದು ನಾನು ಈಗಲೇ ಬರೆದರೆ ಅದೂ ನೋಡದೆ ಅಂಟಿಸಿದ ಪುಟವೇ ಆಗುತ್ತದೆ.

ಸರ್ವಿಸ್‌ನ ಹೆಂಗಸು ಕಂಪನಿಗೆ ತಿಳಿಯದ ಹಾಗೆ ಗಿರಾಕಿಗಳ ಪಟ್ಟಿ ಕಳಿಸಿದ್ದಾಳೆ. ದಿನಾ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಫೋನ್ ಮಾಡುತ್ತೇನೆ. ಹೆಚ್ಚಿನವರು "ಯಾವ ಪುಸ್ತಕ?" ಎನ್ನುತ್ತಾರೆ. ಕೆಲವರು ಸಾಲ ಕೊಡುವ ಕಂಪನಿಯವನೆಂದು ತಿಳಿದು ಬೇಡ ಎಂದು ಇಟ್ಟುಬಿಡುತ್ತಾರೆ, ಅವರಿಗೆ ಮತ್ತೆ ಮಾಡುತ್ತೇನೆ. ಇವತ್ತಿಗೆ ಅರವತ್ತೇಳು ಮನೆ ಆಯಿತು. ಸಹಿ ಹಾಕಲು ಎಲ್ಲರ ಮನೆಗೂ ಹೋಗಲಾರೆ, ಅಷ್ಟು ಮೆಟ್ಟಿಲು ಹತ್ತುವ ಶಕ್ತಿ ನನಗಿಲ್ಲ. ಆದ್ದರಿಂದ ಪುಟ ಹನ್ನೊಂದನ್ನು ಹರಿದುಹಾಕಿ ಎಂದು ಹೇಳಿ, ಕೊನೆಯಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ.

ಈಗ ಸ್ವಲ್ಪ ಮುಂಚೆ ಅರವತ್ತೇಳನೆಯ ಮನೆ. ಫೋನ್ ಎತ್ತಿದ್ದು ಒಬ್ಬ ಹೆಂಗಸು. ಹಿಂದೆ ಯಾರೋ ಗಂಡಸು "ಯಾರದು?" ಎಂದು ಕೇಳುತ್ತಿದ್ದುದು ಕೇಳಿಸಿತು.

"ನಿಮ್ಮನೇಲಿ ನೀರು ಬಿಸಿ ಬರುತ್ತಾ?" ಎಂದೆ.

ಆಕೆ ಒಂದು ಗಳಿಗೆ ತಡೆದಳು.

"ಬರುತ್ತೆ," ಎಂದಳು. "ಚೆನ್ನಾಗೇ ಬರುತ್ತೆ."

ಅರವತ್ತೇಳು ಮನೆಯವರೂ ಹೀಗೇ ಹೇಳಿದ್ದಾರೆ.